ಏಳು ದಿನದ ಮಾತ್ರೆ

ಮೊನ್ನೆ ಬೀರು ಒರೆಸುವಾಗ ಸೀರೆಗಳ ಅಡಿಯಲ್ಲಿ ಒಂದು ಖಾಕಿ ಕಾಗದದ ಕವರು ಸಿಕ್ಕಿತು. ಮೂಗಿಗೆ ಹಿಡಿದರೆ ಇನ್ನೂ ಟಿಂಚರಿನ ವಾಸನೆ... ಮೇಲೆ ಕೆಂಪು ಇಂಕಿನಲ್ಲಿ 'ಒಂದು ದಿನವೂ ಬಿಡಬಾರದು' ಎಂದಿತ್ತು. ನಮ್ಮ ಅಜ್ಜಂಪುರದ ಮೆಡಿಕಲ್ ಸ್ಟೋರಿನ ಅಣ್ಣನ ಅಕ್ಷರ. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಹಲವು ವರ್ಷಗಳ ಹಿಂದೆ ನನಗೆ ಬಿಡದ ತಲೆನೋವು. ಒಂದೇ ತಿಂಗಳಲ್ಲಿ ನಾಲ್ಕನೇ ಸಲ ಅಂಗಡಿಗೆ ಹೋದಾಗ ಅವರು ಮಾತ್ರೆ ಕೊಡಲಿಲ್ಲ. ಬಾಗಿಲ ಪಕ್ಕದ ಸೈಕಲ್ಲಿಗೆ ನಾನು ಡಿಕ್ಕಿ ಹೊಡೆದದ್ದನ್ನು ನೋಡಿದ್ದರು.

"ಅಕ್ಕಪಕ್ಕದ್ದು ಕಾಣ್ತಿಲ್ಲ ನಿಂಗೆ. ಇದು ಮಾತ್ರೆಗೆ ಹೋಗೋ ನೋವಲ್ಲ ಕಣಮ್ಮ. ಸ್ಕ್ಯಾನ್ ಮಾಡ್ಸು."

ವ್ಯಾಪಾರ ಬೇಡವಾದರೆ ಅಂಗಡಿ ಯಾಕೆ ತೆರೆಯಬೇಕು ಎಂದು ಗೊಣಗುತ್ತಲೇ ಶಿವಮೊಗ್ಗಕ್ಕೆ ಹೋದೆ. ಮಿದುಳಿನ ಕೆಳಗೆ ಬಟಾಣಿಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿ ಊದಿಕೊಂಡು ಕಣ್ಣಿನ ನರವನ್ನು ಒತ್ತುತ್ತಿತ್ತು. ಗೆಡ್ಡೆಯೆಂದೇ ಎಲ್ಲರೂ ತಿಳಿದರು. ಮೂಗಿನ ಮೂಲಕ ಆಪರೇಷನ್ ಮಾಡಿದಾಗ ಸಿಕ್ಕಿದ್ದು ಕೀವು. ಪರೀಕ್ಷೆಗೆ ಕಳಿಸಿದರೆ ಟಿಬಿ. ಕೆಮ್ಮಿಲ್ಲ, ಕಫವಿಲ್ಲ, ತಲೆಯೊಳಗೆ ಟಿಬಿ. ಇಂಥದ್ದು ತಾವೇ ನೋಡಿಲ್ಲವೆಂದರು ಡಾಕ್ಟರು. ಒಂದೂವರೆ ವರ್ಷ ಅದರ ಮಾತ್ರೆ ನುಂಗಿದೆ. ಕಣ್ಣು ಉಳಿಯಿತು, ಗ್ರಂಥಿ ಉಳಿಯಲಿಲ್ಲ. ಅದರ ಬದಲಿಗೆ ಜೀವನಪೂರ್ತಿ ಸ್ಟೀರಾಯ್ಡ್ ಮಾತ್ರೆ. ಜ್ವರ ಬಂದರೆ ದುಪ್ಪಟ್ಟು. ಬಿಟ್ಟರೆ ಜೀವಕ್ಕೇ ಅಪಾಯ.

ಅಣ್ಣ ಈ ಮಾತ್ರೆಯನ್ನು ಏಳು ದಿನಕ್ಕಷ್ಟೇ ಕತ್ತರಿಸಿ ಕೊಡುತ್ತಿದ್ದರು. ತಿಂಗಳದ್ದು ಕೊಡಿ ಎಂದರೆ ಕೇಳಿಸದವರಂತೆ ಕತ್ತರಿ ಆಡಿಸುತ್ತಿದ್ದರು. ವಾರ ವಾರ ಓಡಾಡಿಸುವ ಈ ಮನುಷ್ಯನ ಮೇಲೆ ನನಗೆ ಒಳಗೊಳಗೇ ಕೋಪ.

ಟಿಬಿ ಮಾತ್ರೆ ನಿಂತ ಮೇಲೆ ಬಂದ ಮೊದಲ ಶಿವರಾತ್ರಿ. ಕಣ್ಣು ಉಳಿಸಿಕೊಟ್ಟರೆ ನೀರೂ ಮುಟ್ಟದೆ ಉಪವಾಸ ಮಾಡುತ್ತೇನೆಂದು ಆಪರೇಷನ್ನಿಗೆ ಮೊದಲು ಹರಕೆ ಹೊತ್ತಿದ್ದೆ. ನೀರಿಲ್ಲದೆ ಮಾತ್ರೆ ನುಂಗುವುದು ಹೇಗೆ? ಒಂದು ದಿನ ತಾನೇ ಎಂದುಕೊಂಡೆ. ಹಿಂದಿನ ದಿನದಿಂದ ಸಣ್ಣ ಜ್ವರವಿತ್ತು, ಅದನ್ನೂ ಯಾರಿಗೂ ಹೇಳಲಿಲ್ಲ. ನನ್ನ ಮೊಂಡುತನವೇ ಹಾಗೆ.

ಮಧ್ಯಾಹ್ನದ ಹೊತ್ತಿಗೆ ಎರಡು ಸಲ ವಾಂತಿಯಾಯಿತು. ದೇವರ ಮನೆಯ ಮುಂದೆ ಮಲಗಿದವಳಿಗೆ ಕೈ ಎತ್ತಲಾಗಲಿಲ್ಲ. ಅತ್ತೆ ಹಣೆಗೆ ವಿಭೂತಿ ಹಚ್ಚಿ, ಎಂಥ ಭಕ್ತಿ ನನ್ನ ಸೊಸೇದು ಎಂದು ಪಕ್ಕದ ಮನೆಯವರಿಗೆ ಹೇಳುತ್ತಿದ್ದರು. ಮಾತ್ರೆ ಬಿಟ್ಟಿದ್ದೇನೆ ಎಂದು ಕೂಗಬೇಕೆನಿಸಿತು, ನಾಲಿಗೆ ಹೊರಳಲಿಲ್ಲ. ಸಾಯುತ್ತಿದ್ದೇನೆ ಎಂದು ಗೊತ್ತಾಗಿ ಭಯವಾಯಿತು...

ಆಗ ಹೊರಗೆ ಸ್ಕೂಟರ್ ನಿಂತ ಸದ್ದು, ಹಿಂದೆಯೇ ಅಣ್ಣನ ದನಿ.

"ನಿನ್ನೆಗೇ ಮುಗ್ದಿತ್ತು ಇವಳ ಮಾತ್ರೆ. ಬೆಳಿಗ್ಗಿಂದ ಕಾಯ್ತಾ ಇದೀನಿ, ಯಾಕ್ ಬರ್ಲಿಲ್ಲ?"

"ಉಪವಾಸ ಕಣ್ರೀ, ಸುಸ್ತಾಗೈತೆ. ಸಂಜೆ ಪೂಜೆ ಆದ್ಮೇಲೆ ಎದ್ದೇಳ್ತಾಳೆ," ಎಂದರು ಅತ್ತೆ.

ಅಣ್ಣ ಬಗ್ಗಿ ನನ್ನ ನಾಡಿ ಹಿಡಿದರು. ಅವರ ಹಣೆಯ ಮೇಲೂ ವಿಭೂತಿ, ಬಾಯಿ ಒಣಗಿತ್ತು. ಅವರದೂ ಉಪವಾಸವೇ.

"ಸಂಜೆಗಂಟ ಇವಳು ಇರಲ್ಲ ಕಣಮ್ಮ. ಆಟೋ ಕರೀರಿ."

"ಹರಕೆ ಕಣಪ್ಪ, ಮುರಿದ್ರೆ..."

"ಪಾಪ ಬಂದ್ರೆ ನನ್ ತಲೆ ಮೇಲಿರ್ಲಿ."

ಆಸ್ಪತ್ರೆಯಲ್ಲಿ ಡಾಕ್ಟರಿಗೆ ನನ್ನ ಕಾಯಿಲೆಯನ್ನು ವಿವರಿಸಿದವರೂ ಅವರೇ. ಅಂಗಡಿಯಲ್ಲಿ ನನಗಾಗಿಯೇ ತರಿಸಿಟ್ಟಿದ್ದ ಸ್ಟೀರಾಯ್ಡ್ ಇಂಜೆಕ್ಷನ್ನು ಅವರ ಜೇಬಿನಲ್ಲಿತ್ತು. ಕಣ್ಣು ಬಿಟ್ಟಾಗ ಗ್ಲೂಕೋಸ್ ಬಾಟಲಿಯ ಕೆಳಗೆ ಸ್ಟೂಲಿನ ಮೇಲೆ ಕೂತಿದ್ದರು. ಬೈಯಲಿಲ್ಲ. ಕತ್ತರಿಸಿದ ಏಳು ದಿನದ ಮಾತ್ರೆಯನ್ನು ಈ ಕವರಿನಲ್ಲಿ ಹಾಕಿ ದಿಂಬಿನ ಪಕ್ಕ ಇಟ್ಟು ಎದ್ದು ಹೋದರು. ಅಷ್ಟು ದಿನ ಅವರು ಎಣಿಸುತ್ತಿದ್ದದ್ದು ಏನನ್ನೆಂದು ಆಗ ಅರ್ಥವಾಗಿ ಅತ್ತುಬಿಟ್ಟೆ.

ಅವರು ಹೋಗಿ ನಾಲ್ಕು ವರ್ಷವಾಯಿತು. ಹೃದಯಾಘಾತವಂತೆ, ಅಂಗಡಿಯಲ್ಲೇ. ಆಗ ನಾನು ತರೀಕೆರೆಗೆ ಹೋಗಿದ್ದೆ, ಸುದ್ದಿ ತಿಳಿಯುವ ಹೊತ್ತಿಗೆ ಮಣ್ಣಾಗಿತ್ತು. ಒಂದು ಹಿಡಿ ಮಣ್ಣು ಹಾಕಲೂ ಆಗಲಿಲ್ಲ ಎಂಬ ಸಂಕಟ ಇನ್ನೂ ಇದೆ.

ಈಗ ಅದೇ ಅಂಗಡಿಯಲ್ಲಿ ಅವರ ಮಗ ಕೇಳಿದ ತಕ್ಷಣ ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡುತ್ತಾನೆ. ಒಳ್ಳೆಯ ಹುಡುಗ. ನಾನು ಒಂದು ವಾರ ಕಾಣದಿದ್ದರೆ ಕೇಳುವವರು ಆ ಗಲ್ಲಾದ ಹಿಂದೆ ಯಾರೂ ಇಲ್ಲ.