ಊಟದ ಕಾಲಂನಲ್ಲಿ ಬರೆದ ಒಂದು ಸಾಲು

2023ರಲ್ಲಿ ನಾನು ಹುಣಸೂರಿನ ಒಂದು ವಿಶೇಷ ದತ್ತು ಕೇಂದ್ರದ ಅಧೀಕ್ಷಕಿಯಾಗಿದ್ದೆ. ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿತ್ತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಹೆತ್ತವರು ಒಪ್ಪಿಸಿದ ಅಥವಾ ಬಿಟ್ಟುಹೋದ ಆರು ವರ್ಷದೊಳಗಿನ ಮಕ್ಕಳು ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಮೇಲೆ ನಮ್ಮಲ್ಲಿಗೆ ಬರುತ್ತಿದ್ದರು. ಆಗ ಹನ್ನೊಂದು ಮಕ್ಕಳಿದ್ದರು. ಆರಕ್ಕೆ ಹಾಲು, ಎಂಟಕ್ಕೆ ತಿಂಡಿ, ಹನ್ನೆರಡೂವರೆಗೆ ಊಟ. ಗಡಿಯಾರ ತಪ್ಪಿದರೂ ನಮ್ಮ ಕೇಂದ್ರ ತಪ್ಪುತ್ತಿರಲಿಲ್ಲ.

ಆ ಹನ್ನೊಂದು ಮಕ್ಕಳಲ್ಲಿ ಒಬ್ಬಳನ್ನು ಇಲ್ಲಿ ಗೌರಿ ಎಂದು ಕರೆಯುತ್ತೇನೆ. ಅದು ಅವಳ ನಿಜವಾದ ಹೆಸರಲ್ಲ. ಕೋಟೆ ತಾಲ್ಲೂಕಿನ ತಾಯಿಯೊಬ್ಬರು ಅವಳನ್ನು ಹಸುಗೂಸಾಗಿದ್ದಾಗಲೇ ಸಮಿತಿಯ ಮುಂದೆ ಒಪ್ಪಿಸಿದ್ದರು. ಮನಸ್ಸು ಬದಲಿಸಲು ಹೆತ್ತವರಿಗೆ ಕಾನೂನು ಅರವತ್ತು ದಿನ ಕೊಡುತ್ತದೆ. ಆ ದಿನಗಳು ಕಳೆದ ಮೇಲೆ ಮಗು ದತ್ತು ನೀಡಲು ಅರ್ಹಳೆಂದು ಸಮಿತಿ ಘೋಷಿಸಿತು. ಅವಳ ಮೇಲ್ದುಟಿ ಮತ್ತು ಬಾಯಿಯ ಅಂಗುಳ ಹುಟ್ಟಿನಿಂದಲೇ ಸೀಳಿದ್ದವು. ಎರಡು ಶಸ್ತ್ರಚಿಕಿತ್ಸೆ ಆಗಿ ಚೆನ್ನಾಗಿಯೇ ಕೂಡಿಕೊಂಡಿದ್ದವು. ಆದರೂ ದೇಶದೊಳಗಿನ ಮೂರು ಕುಟುಂಬಗಳು ಅವಳನ್ನು ಕಾಯ್ದಿರಿಸಿ, ವೈದ್ಯಕೀಯ ವರದಿ ಓದಿ ಹಿಂದೆ ಸರಿದವು. ಅವಳಿಗೆ ನಾಲ್ಕು ವರ್ಷ ಎರಡು ತಿಂಗಳಾದಾಗ ಇಟಲಿಯ ದಂಪತಿಯೊಬ್ಬರು ಅವಳನ್ನು ಕಾಯ್ದಿರಿಸಿದರು.

ಹೊರದೇಶದವರು ನೇರವಾಗಿ ನಮ್ಮ ಬಾಗಿಲಿಗೆ ಬಂದು ಮಗು ಕೇಳುವಂತಿಲ್ಲ. ಅವರ ದೇಶದಲ್ಲಿ ಅಧಿಕೃತ ದತ್ತು ಸಂಸ್ಥೆಯೊಂದರಲ್ಲಿ ನೋಂದಾಯಿಸಿಕೊಳ್ಳಬೇಕು. ಆ ಸಂಸ್ಥೆ ಅವರ ಮನೆ, ಆದಾಯ, ಆರೋಗ್ಯ, ಪೊಲೀಸ್ ದಾಖಲೆ ಎಲ್ಲವನ್ನೂ ಪರಿಶೀಲಿಸಿ ಗೃಹ ಅಧ್ಯಯನ ವರದಿಯನ್ನು ದೆಹಲಿಯ ಕೇಂದ್ರ ದತ್ತು ಪ್ರಾಧಿಕಾರಕ್ಕೆ ಕಳಿಸುತ್ತದೆ. ಮದುವೆಯಾಗಿ ಕನಿಷ್ಠ ಎರಡು ವರ್ಷ ಒಟ್ಟಿಗೆ ಬಾಳಿರಬೇಕು. ಗೌರಿಯ ವಯಸ್ಸಿನ ಮಗುವಾದರೆ ಗಂಡ ಹೆಂಡತಿಯ ವಯಸ್ಸು ಕೂಡಿದಾಗ ನೂರು ಮೀರಬಾರದು. ಈ ದಂಪತಿಯಲ್ಲಿ ಪತ್ನಿ ಮಾರ್ತಾಗೆ ನಲವತ್ತೆರಡು, ಪತಿ ಪಾವ್ಲೊಗೆ ನಲವತ್ತೇಳು. ಎಲ್ಲ ಸರಿಯಿತ್ತು. ಉಳಿದದ್ದು ಒಂದೇ ಹೆಜ್ಜೆ: ಮಗುವಿನ ವೈದ್ಯಕೀಯ ವರದಿಗೂ ಚೈಲ್ಡ್ ಸ್ಟಡಿ ರಿಪೋರ್ಟಿಗೂ ಅವರು ಮೂವತ್ತು ದಿನದೊಳಗೆ ಒಪ್ಪಿ ಸಹಿ ಹಾಕಬೇಕಿತ್ತು. ಮಗುವಿನ ಸ್ವಭಾವ, ಮಾತು, ಊಟ, ನಿದ್ರೆಗಳ ವಿವರವಿರುವ ಈ ಸ್ಟಡಿ ರಿಪೋರ್ಟನ್ನು ಬರೆದವಳು ನಾನು.

ಆ ಮೂವತ್ತರಲ್ಲಿ ಒಂಬತ್ತನೆಯ ದಿನ ಇಟಲಿಯ ಸಂಸ್ಥೆಯಿಂದ ಇ-ಮೇಲ್ ಬಂತು. ಊಟದ ಕಾಲಂನಲ್ಲಿ ನಾನು, ‘ಗಟ್ಟಿ ಆಹಾರ ತಿನ್ನುತ್ತಾಳೆ, ಅಗಿಯುವುದಿಲ್ಲ, ಹಾಗೆಯೇ ನುಂಗುತ್ತಾಳೆ’ ಎಂದು ಬರೆದಿದ್ದೆ. ಅಂಗುಳದ ಶಸ್ತ್ರಚಿಕಿತ್ಸೆಯಾದ ನಾಲ್ಕು ವರ್ಷದ ಮಗು ಅಗಿಯುವುದಿಲ್ಲ ಎಂದರೆ ನರದ ತೊಂದರೆ ಇರಬಹುದು, ಊಟ ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ ಎಂದು ಅಲ್ಲಿನ ವೈದ್ಯರು ಬರೆದಿದ್ದರು. ನುಂಗುವಾಗಲೇ ಎಕ್ಸ್-ರೇಯಲ್ಲಿ ನೋಡುವ ಪರೀಕ್ಷೆ ಮಾಡಿಸಬೇಕು. ಅಲ್ಲಿಯವರೆಗೆ ಸಹಿ ಹಾಕಬೇಡಿ ಎಂದು ದಂಪತಿಗೆ ಸಲಹೆ ಕೊಟ್ಟಿದ್ದರು.

ಮಾರನೆಯ ದಿನವೇ ಗೌರಿಯನ್ನು ಕರೆದುಕೊಂಡು ಮೈಸೂರಿಗೆ ಹೋದೆ. ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆಗೆ ಸಿಕ್ಕ ದಿನಾಂಕ ನಮ್ಮ ಲೆಕ್ಕದಲ್ಲಿ ನಲವತ್ತೊಂದನೆಯ ದಿನ. ಮೂವತ್ತಕ್ಕೆ ಗಡುವು ಮುಗಿದರೆ ಮಗು ಮತ್ತೆ ಪಟ್ಟಿಗೆ ಹೋಗುತ್ತದೆ. ನಾಲ್ಕನೆಯ ಸಲ ಬೇಡವೆನಿಸಿಕೊಂಡ ಮಗುವಿನ ಕಡತವನ್ನು ಐದನೆಯವರು ತೆರೆಯುವುದು ಅಪರೂಪವೆಂದು ನನಗೆ ಅನುಭವದಿಂದ ಗೊತ್ತಿತ್ತು.

ಹನ್ನೆರಡನೆಯ ದಿನ ಅಡುಗೆಮನೆಯಲ್ಲಿ ಚಿಕ್ಕತಾಯಮ್ಮ ನನ್ನನ್ನು ತಡೆದರು. ಕೆ.ಆರ್. ನಗರ ತಾಲ್ಲೂಕಿನ ಭೇರ್ಯದ ಕಡೆಯವರು. ನಮ್ಮಲ್ಲಿ ಆಯಾ ಆಗಿ ಹದಿನೈದು ವರ್ಷ ಕೆಲಸ ಮಾಡಿದವರು. ಗೌರಿ ಬಂದ ದಿನದಿಂದ ಅವಳನ್ನು ನೋಡಿಕೊಂಡವರು ಅವರೇ.

“ಅಮ್ಮಾವ್ರೆ, ಮೊಗೀಗೆ ಏನಾಗೈತೆ ಅಂತ ಮೈಸೂರ್ಗೆ ಅಲೀತಿದ್ದೀರಿ?”

“ಅಗಿಯೋದಿಲ್ಲ, ಹಾಗೇ ನುಂಗ್ತಾಳೆ ಅಂತ ಆ ಡಾಕ್ಟರು ಹೆದರಿದ್ದಾರೆ.”

“ಏನ ಅಗಿಯಾಕಿಲ್ಲ?”

“ಮುದ್ದೆ. ಮೂರು ದಿನ ಎದುರಿಗೆ ಕೂತು ನೋಡಿ ಬರೆದಿದ್ದೀನಿ.”

ಅವರು ಕೈಯಲ್ಲಿದ್ದ ಸೌಟು ಕೆಳಗಿಟ್ಟರು. “ಮುದ್ದೆ ನೀವು ಅಗೀತೀರಾ?”

ಇಲ್ಲವೆಂದು ತಲೆಯಾಡಿಸಿದೆ.

“ಕಂಪಲಾಪುರದೋರು ಕಣ್ರವ್ವ ನೀವು. ನಿಮ್ಮವ್ವ ಏಳ್ಕೊಡ್ನಿಲ್ವಾ? ಮೊನ್ನೆ ಆ ಹೊಸ ಮೊಗ ಅಗೀತಿದ್ರೆ, ಹಲ್ಲಿಗೆ ತಾಕಿಸ್ಬ್ಯಾಡ ಅಂತ ನೀವೇ ಗದರುದ್ರಿ. ಆ ಫಾರಿನ್ ಡಾಕ್ಟ್ರಿಗೆ ಒಂದು ಮುದ್ದೆ ಕಳ್ಸಿ. ಅಗಿದ್ ನೋಡ್ಲಿ, ಗೊತ್ತಾಯ್ತದೆ.”

ಮೂರು ದಿನವೂ ನಾನು ಮಗುವನ್ನು ನೋಡಿದ್ದು ಹನ್ನೆರಡೂವರೆಯ ಊಟದಲ್ಲಿ. ಆ ಊಟ ನಮ್ಮಲ್ಲಿ ಯಾವಾಗಲೂ ಮುದ್ದೆ ಮತ್ತು ಸಾರು. ನಾನೂ ಹುಟ್ಟಿದಾಗಿನಿಂದ ಮುದ್ದೆ ನುಂಗಿದವಳಾದ್ದರಿಂದ, ಆ ಸಾಲು ಹೊರಗಿನವರ ಕಣ್ಣಿಗೆ ಹೇಗೆ ಕಾಣಬಹುದೆಂದು ಯೋಚಿಸಿರಲೇ ಇಲ್ಲ. “ಬೇರೆ ಏನಾದರೂ ಅಗಿದು ತಿನ್ನುತ್ತಾಳಾ?” ಎಂದು ಕೇಳಿದೆ.

“ಸಂಜೆ ನಾಕ್ ಗಂಟೆಗೆ ಬಂದ್ ನೋಡಿ. ಆಗ ನೀವು ಆಪೀಸಲ್ಲಿ ಬರೀತಾ ಇರ್ತೀರಿ.”

ನಾಲ್ಕಕ್ಕೆ ಹೋದೆ. ಹಿತ್ತಲ ಕಟ್ಟೆಯ ಮೇಲೆ ಚಿಕ್ಕತಾಯಮ್ಮ ಊರಿನಿಂದ ತಂದ ಕಬ್ಬನ್ನು ಸಿಪ್ಪೆ ತೆಗೆದು ತುಂಡು ಮಾಡುತ್ತಿದ್ದರು. ಗೌರಿ ಒಂದು ತುಂಡನ್ನು ದವಡೆಗೆ ಸಿಕ್ಕಿಸಿಕೊಂಡು ಕಚಕಚನೆ ಅಗಿದು, ರಸ ಹೀರಿ, ಜಗಿದ ಹಿಪ್ಪೆಯನ್ನು ಬಟ್ಟಲಿಗೆ ಉಗಿದಳು. ಮುಂದಿನದಕ್ಕೆ ಕೈ ಚಾಚಿದಳು. ಶಸ್ತ್ರಚಿಕಿತ್ಸೆಯ ನಂತರ ಗಂಜಿಯಿಂದ ಅಂಬಲಿಗೆ, ಅಂಬಲಿಯಿಂದ ಸಾರಿನಲ್ಲಿ ನೆನೆಸಿದ ಮುದ್ದೆಗೆ, ಆಮೇಲೆ ಹಣ್ಣಾದ ಸೀಬೆಗೆ, ಕೊನೆಗೆ ಕಬ್ಬಿಗೆ ಅವಳನ್ನು ತಂದದ್ದು ಚಿಕ್ಕತಾಯಮ್ಮ. ಯಾರೂ ಹೇಳಿಕೊಟ್ಟಿರಲಿಲ್ಲ. ವಾರಕ್ಕೊಂದು ಹೊಸ ತಿನಿಸು, ಒಂದು ವಾರ ಕೆಮ್ಮು ಬಂದರೆ ಒಂದು ಮೆಟ್ಟಿಲು ಹಿಂದೆ. ಅಕ್ಷರ ಬಾರದ ಆ ಹೆಂಗಸು ನಡೆಸಿದ ಕ್ರಮ ನನ್ನ ವೇಳಾಪಟ್ಟಿಗಿಂತ ಶಿಸ್ತಾಗಿತ್ತು.

ಎರಡು ದಿನ ಬಿಟ್ಟು ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯರನ್ನು ಕರೆಸಿದೆ. ಧಾರವಾಡದ ಕಡೆಯವರು, ರೊಟ್ಟಿ ತಿಂದು ಬೆಳೆದವರು. ನನ್ನ ಸಾಲು ಓದಿ ನಕ್ಕರು.

“ನಾ ಇಲ್ಲಿ ಬಂದ ಹೊಸದಾಗಿ ಮುದ್ದಿ ಅಗದಿದ್ದೆರೀ ಮೇಡಂ. ಹಲ್ಲಿಗೆಲ್ಲಾ ಹತ್ತಿ ಬಾಯಿ ತೆಗೀಲಿಕ್ಕೇ ಬರವಲ್ದಾತು. ಮೆಸ್ಸಿನಾಗ ಎಲ್ಲಾರೂ ನಕ್ರು.”

ನಗು ಮುಗಿಸಿ ಗೌರಿಯನ್ನು ಒಂದು ಗಂಟೆ ಕೂಲಂಕಷವಾಗಿ ಪರೀಕ್ಷಿಸಿದರು. ನೀರು ಕುಡಿಸಿದರು, ಕಬ್ಬು ತಿನ್ನಿಸಿದರು, ಗಾಳಿ ಮೂಗಿನಿಂದ ಸೋರುತ್ತದೆಯೇ ಎಂದು ನೋಡಲು ಊದುಬತ್ತಿಯ ಹೊಗೆಯನ್ನು ಊದಿಸಿದರು. “ಮೂಗಿನಾಗ ಒಂದು ಹನಿ ಬರಲಿಲ್ಲ ನೋಡ್ರಿ. ಹೊಲಿಗಿ ಗಟ್ಟಿ ಅದ,” ಎಂದು ಪ್ರಮಾಣಪತ್ರ ಬರೆದುಕೊಟ್ಟರು. ಗೌರಿ ಮುದ್ದೆ ನುಂಗುವುದನ್ನೂ ಕಬ್ಬು ಅಗಿಯುವುದನ್ನೂ ಮೊಬೈಲಿನಲ್ಲಿ ಚಿತ್ರೀಕರಿಸಿದೆವು. ಚಿಕ್ಕತಾಯಮ್ಮನ ಒತ್ತಾಯಕ್ಕೆ ನಾನೂ ಕ್ಯಾಮೆರಾ ಮುಂದೆ ಕೂತು ಮುದ್ದೆ ನುಂಗಿದೆ. ಮೂವತ್ತಾರು ವರ್ಷದ ಸೇವೆಯಲ್ಲಿ ಇಂಥ ದಾಖಲೆಯನ್ನು ನಾನು ಬೇರೆಲ್ಲೂ ಲಗತ್ತಿಸಿಲ್ಲ.

ಹಳೆಯ ಸಾಲನ್ನು ಅಳಿಸಿ ಹೊಸ ವರದಿ ಹಾಕಬಹುದಿತ್ತು. ನಾನು ಹಾಗೆ ಮಾಡಲಿಲ್ಲ. ‘ಮಗುವನ್ನು ಒಂದೇ ಹೊತ್ತಿನ ಊಟದಲ್ಲಿ ಗಮನಿಸಿ ಬರೆದದ್ದು ನನ್ನ ತಪ್ಪು’ ಎಂದು ಪೂರಕ ವರದಿಯಲ್ಲಿ ಸ್ಪಷ್ಟವಾಗಿ ಬರೆದು, ಹದಿನಾರನೆಯ ದಿನ ಎಲ್ಲವನ್ನೂ ಕಳಿಸಿದೆ. ಹತ್ತು ದಿನ ಉತ್ತರವಿರಲಿಲ್ಲ. ಚಿಕ್ಕತಾಯಮ್ಮ ದಿನಕ್ಕೆರಡು ಸಲ ಕಚೇರಿಯ ಬಾಗಿಲಲ್ಲಿ ನಿಂತು, ಏನೂ ಕೇಳದೆ ನನ್ನ ಮುಖ ನೋಡಿ ಹೋಗುತ್ತಿದ್ದರು. ಇಪ್ಪತ್ತೇಳನೆಯ ದಿನ ಸಹಿಯಾದ ಕಾಗದ ಬಂತು. ಜೊತೆಗೆ ಮಾರ್ತಾ ಅವರ ಒಂದೇ ಪ್ರಶ್ನೆ: ತುತ್ತು ಎಷ್ಟು ದೊಡ್ಡದಿರಬೇಕು?

ಮುಂದಿನದು ಕ್ರಮವಾಗಿ ನಡೆಯಿತು. ಪ್ರಾಧಿಕಾರದ ನಿರಾಕ್ಷೇಪಣಾ ಪತ್ರ, ಜಿಲ್ಲಾ ಮ್ಯಾಜಿಸ್ಟ್ರೇಟರ ದತ್ತು ಆದೇಶ, ಹೊಸ ತಂದೆತಾಯಿಯ ಹೆಸರಿರುವ ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ವೀಸಾ. ಸುಮಾರು ಐದು ತಿಂಗಳ ನಂತರ ದಂಪತಿ ಹುಣಸೂರಿಗೆ ಬಂದರು. ಮೊದಲ ಮಧ್ಯಾಹ್ನ ಮಾರ್ತಾ ಮಕ್ಕಳ ಸಾಲಿನಲ್ಲೇ ನೆಲಕ್ಕೆ ಕೂತು ಮುದ್ದೆ ಕೇಳಿದರು. ಮೊದಲ ತುತ್ತನ್ನು ಅಭ್ಯಾಸಬಲದಿಂದ ಅಗಿದರು. ಅದುವರೆಗೆ ಅವರ ಹತ್ತಿರ ಸುಳಿಯದ ಗೌರಿ ಎದ್ದು ಬಂದು, “ಅಂಗಲ್ಲ,” ಎಂದಳು. ತನ್ನ ತಟ್ಟೆಯಿಂದ ಚಿಕ್ಕ ತುತ್ತು ಮುರಿದು, ಸಾರಲ್ಲಿ ಹೊರಳಿಸಿ, ಮಾರ್ತಾ ಬಾಯಿಗಿಟ್ಟು, ತನ್ನ ಗಂಟಲನ್ನು ಬೆರಳಿನಿಂದ ತೋರಿಸಿದಳು. ಮಾರ್ತಾ ಕಣ್ಣು ಮುಚ್ಚಿ ನುಂಗಿದರು.

“ಬುಡಿ ಅಮ್ಮಾವ್ರೆ,” ಎಂದರು ಚಿಕ್ಕತಾಯಮ್ಮ. “ಇನ್ನು ಆ ಮೊಗ ನೋಡ್ಕತದೆ ಅವ್ರ್ನ.”

ನಾಲ್ಕನೆಯ ದಿನ ಕಾರು ಹೊರಡುವಾಗ ಚಿಕ್ಕತಾಯಮ್ಮ ಅಂಗಳಕ್ಕೆ ಬರಲಿಲ್ಲ. ಬಂದರೆ ಮಗು ತಿರುಗಿ ನೋಡುತ್ತದೆ ಎಂದರು.

ದತ್ತು ಹೋದ ಮಕ್ಕಳ ಬಗ್ಗೆ ಎರಡು ವರ್ಷ ವರದಿ ಬರಬೇಕೆಂಬ ನಿಯಮವಿದೆ. ನನ್ನ ನಿವೃತ್ತಿಯೊಳಗೆ ಬಂದ ಎರಡರಲ್ಲೂ ಗೌರಿ ಚೆನ್ನಾಗಿದ್ದಳು. ನನ್ನ ವೃತ್ತಿ ಕಲಿಸಿದ ಪಾಠ ಇಷ್ಟೇ: ಕಣ್ಣಾರೆ ಕಂಡದ್ದನ್ನು ಬರೆದರೆ ಸಾಲದು, ಆ ಮಗುವಿನೊಡನೆ ದಿನವಿಡೀ ಇರುವವರನ್ನು ಕೇಳಬೇಕು. ಉಳಿದ ತಿಂಗಳುಗಳಲ್ಲಿ ಪ್ರತಿ ವರದಿಯನ್ನೂ ಸಹಿ ಮಾಡುವ ಮುನ್ನ ಚಿಕ್ಕತಾಯಮ್ಮನಿಗೆ ಓದಿ ಹೇಳಿದೆ.

ಹಾಗೆ ಓದಿದ ಮೊದಲ ವರದಿ ಎರಡು ವರ್ಷದ ಒಂದು ಗಂಡುಮಗುವಿನದು. ‘ಶಾಂತ ಸ್ವಭಾವ, ಅಳುವುದಿಲ್ಲ’ ಎಂದು ಬರೆದಿದ್ದೆ. ಅವರು ತಲೆಯಾಡಿಸಿದರು.

“ಶಾಂತ ಅಲ್ಲ ಕಣ್ರವ್ವ. ಅತ್ತರೆ ಯಾರಾದ್ರೂ ಬತ್ತಾರೆ ಅಂತ ಅದ್ಕಿನ್ನೂ ಗೊತ್ತಿಲ್ಲ.”

ನಾನು ಹೊಸ ಹಾಳೆ ತೆಗೆದುಕೊಂಡೆ.