ಅರವತ್ತು ಚೀಲದ ಲೆಕ್ಕ

ರೇಣುಕಾ, ನಿಮ್ಮವ್ವ ಹಸಿದ ಹೊಟ್ಟೆಯಿಂದ ಸಾಯಲಿಲ್ಲ. ವಿಷದ ಗಾಳಿ ಕುಡಿದು ಸತ್ತಳು. ಆ ಗಾಳಿ ಗೋದಾಮಿನೊಳಗೆ ಇನ್ನೂ ಇದ್ದೀತೆಂದು ನನಗೆ ಗೊತ್ತಿತ್ತು — ಗೊತ್ತಿದ್ದೇ ಒಳಗೆ ಬಿಟ್ಟೆ. ಹೊರಗೆ ಬರಲೇ ಎಂದು ಅವಳು ಕೇಳಿದಾಗ ಬೇಡ ಎಂದೆ. ಆಮೇಲೆ ಡಾಕ್ಟರಿಗೆ ಸುಳ್ಳು ಹೇಳಿದೆ, ನಿನಗೂ ಹೇಳಿದೆ. ಏಳು ವರ್ಷವಾಯಿತು.

ಇದನ್ನು ಎದುರು ಕೂತು ಹೇಳಬೇಕಿತ್ತು. ಮೂರು ಸಲ ನಿಮ್ಮ ಮನೆಯ ತನಕ ಬಂದೆ. ಒಂದು ಸಲ ನೀನು ಚಾಪೆ ಹಾಸಿ ಚಹಾ ಕೊಟ್ಟೆ. ಚಹಾ ಕುಡಿದು, ಬಸ್ಸಿನ ಮಾತು, ಬಿಸಿಲಿನ ಮಾತು ಆಡಿ ಎದ್ದು ಬಂದೆ. ಬಾಯಲ್ಲಿ ಧೈರ್ಯವಿಲ್ಲದವನು ಕಾಗದ ಹಿಡಿಯುತ್ತಾನೆ. ಹಾಗೆಂದುಕೊಂಡೇ ಓದು.

ನನ್ನ ಕೆಲಸ ಏನೆಂದು ನಿನಗೆ ಪೂರ್ತಿ ಗೊತ್ತಿರಲಾರದು. ಹರಪನಹಳ್ಳಿಯ ಹಮಾಲರು ನನ್ನನ್ನು ‘ಗುಳಿಗಿ ಕೊಟ್ರೇಶಿ’ ಎಂದು ಕರೆಯುವುದು ಮಾತ್ರ ಗೊತ್ತು. ಮೆಕ್ಕೆಜೋಳದ ಚೀಲಗಳನ್ನು ಗೋದಾಮಿನಲ್ಲಿ ಒಂದರ ಮೇಲೊಂದು ನಿಟ್ಟು ಒಟ್ಟಿದ ಮೇಲೆ ನುಸಿ ಬೀಳುತ್ತದೆ. ಅದಕ್ಕೆ ನಿಟ್ಟಿನ ಮೇಲೆ ತಾಡಪಾಲು ಹೊದಿಸಿ, ಒಳಗೆ ಗುಳಿಗೆ ಇಟ್ಟು, ಅಂಚಿಗೆಲ್ಲ ಮರಳಿನ ಚೀಲ ಒತ್ತಿ, ವಾರಗಟ್ಟಲೆ ಮುಚ್ಚಿಡುತ್ತೇವೆ. ಗುಳಿಗೆ ಗಾಳಿಯ ಪಸೆಗೆ ಕರಗಿ ಗ್ಯಾಸಾಗುತ್ತದೆ. ನುಸಿ ಸಾಯುತ್ತದೆ. ಆ ಗ್ಯಾಸಿಗೆ ನುಸಿ ಯಾವುದು, ಮನುಷ್ಯ ಯಾವನು ಎಂದು ತಿಳಿಯುವುದಿಲ್ಲ. ಆದ್ದರಿಂದ ತಾಡಪಾಲು ತೆಗೆದ ಮೇಲೆ ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಮೀಟರ್ ಹಿಡಿದು ನೋಡಿ, ‘ಈಗ ಒಳಗೆ ಹೋಗಬಹುದು’ ಎಂದು ಹೇಳುವವನೊಬ್ಬ ಬೇಕು. ಅವನು ನಾನು.

ಇದಕ್ಕಾಗಿ ನನ್ನನ್ನು ದಾವಣಗೆರೆಗೆ ಮೂರು ದಿನ ತರಬೇತಿಗೆ ಕಳಿಸಿದ್ದರು. ಅಲ್ಲಿ ಕಲಿಸಿದ ಮೇಷ್ಟ್ರು ಎರಡು ಮಿತಿ ಹೇಳಿದರು. ಇಡೀ ದಿನ ಕೆಲಸ ಮಾಡುವವನು ತಡೆಯಬಲ್ಲ ಗ್ಯಾಸಿನ ಪ್ರಮಾಣ ಒಂದು. ಅದಕ್ಕಿಂತ ತುಸು ಹೆಚ್ಚಿನದು ಇನ್ನೊಂದು — ಹದಿನೈದು ನಿಮಿಷಕ್ಕೆ ಮಾತ್ರ. ಹದಿನೈದು ನಿಮಿಷವಾದ ಮೇಲೆ ಒಂದು ತಾಸು ಶುದ್ಧ ಗಾಳಿಯಲ್ಲಿರಬೇಕು. ಅವರು ಹಲಗೆಯ ಮೇಲೆ ಎರಡು ಗೆರೆ ಎಳೆದು ಹೇಳಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಗ್ಯಾಸ್ ಎಷ್ಟಿದೆ ಎಂಬುದು ಒಂದು ಕಾಲು, ಎಷ್ಟು ಹೊತ್ತು ಎಂಬುದು ಇನ್ನೊಂದು ಕಾಲು. ಎರಡೂ ಇದ್ದರೆ ಮಾತ್ರ ಮಿತಿ ನಿಲ್ಲುತ್ತದೆ ಎಂದಿದ್ದರು. ನಾನು ಬರೆದುಕೊಂಡೆ. ಊರಿಗೆ ಬಂದು ಒಂದು ಕಾಲು ಕಡಿದೆ.

ಹೇಗೆಂದರೆ — ನಮ್ಮ ಮೀಟರ್ ಸತ್ತಿತ್ತು. ಗಾಳಿಯನ್ನು ಮೂಸಿ ನೋಡುವ ಅದರೊಳಗಿನ ಭಾಗದ ಆಯುಸ್ಸು ಮುಗಿದಿತ್ತು. ದೀಪ ಹತ್ತುತ್ತಿತ್ತು, ಅಂಕಿ ಬರುತ್ತಿತ್ತು, ಆದರೆ ಆ ಅಂಕಿ ಯಾವಾಗಲೂ ಸೊನ್ನೆ. ಒಮ್ಮೆ ಗ್ಯಾಸ್ ತುಂಬಿದ ತಾಡಪಾಲಿನ ಅಂಚು ಎತ್ತಿ, ಉಸಿರು ಬಿಗಿಹಿಡಿದು, ಅದನ್ನು ಒಳಗೆ ತುರುಕಿ ನೋಡಿದೆ. ಸೊನ್ನೆ! ಮಾಲೀಕರಿಗೆ ಹೇಳಿದೆ. ‘ಮುಂದಿನ ತಿಂಗಳು ನೋಡಾಣ’ ಎಂದರು. ಮುಂದಿನ ತಿಂಗಳು ನಾನು ಕೇಳಲಿಲ್ಲ. ಮಾಲೀಕರ ಮೇಲೆ ಹಾಕಿ ತಪ್ಪಿಸಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಅವರಿಗೆ ಆ ಸೊನ್ನೆಯ ಅರ್ಥ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಗ್ಯಾಸ್ ಅಳೆಯಲಾಗದಿದ್ದರೆ ಹೊತ್ತನ್ನಾದರೂ ಅಳೆಯೋಣ ಎಂದುಕೊಂಡೆ. ಹಮಾಲರು ಗಡಿಯಾರ ನೋಡುವವರಲ್ಲ. ಚೀಲ ಎಣಿಸುವವರು. ಬಾಗಿಲಲ್ಲಿ ಒಬ್ಬ ನಿಂತು, ಒಂದು ಎನ್ನದೆ ‘ಲಾಭ’ ಎಂದು ಶುರು ಮಾಡಿ, ಎರಡು, ಮೂರು ಎಂದು ಕೂಗುತ್ತಾ ಹೋಗುತ್ತಾನೆ. ನಾನು ಕೈಗಡಿಯಾರ ಹಿಡಿದು ನೋಡಿದೆ. ಆರು ಜನರ ಗುಂಪು ಅರವತ್ತು ಚೀಲ ಹೊರಗೆ ಹಾಕುವಷ್ಟರಲ್ಲಿ ಹದಿನೈದು ನಿಮಿಷ. ಸರಿ, ಅರವತ್ತಕ್ಕೆ ಗುಂಪು ಬದಲು. ನಾಲ್ಕು ಗುಂಪು ಮುಗಿಸಿದರೆ ಒಂದು ಲಾರಿ ತುಂಬುತ್ತದೆ. ಎಷ್ಟು ಚೆಂದದ ಲೆಕ್ಕ! ಹಮಾಲರು ಮೆಚ್ಚಿದರು, ಮಾಲೀಕರು ಬೆನ್ನು ತಟ್ಟಿದರು. ಕೊಟ್ಟೂರು, ಹಗರಿಬೊಮ್ಮನಹಳ್ಳಿಯ ಗೋದಾಮಿನವರೂ ಕೇಳಿಕೊಂಡು ಹೋದರು. ನಾನು ಮೀಸೆ ತಿರುವಿಕೊಂಡು ಓಡಾಡಿದೆ. ಊರಿಗೆಲ್ಲ ಸುರಕ್ಷೆಯ ಮಿತಿ ಹಾಕಿಕೊಟ್ಟ ಮಹಾನುಭಾವ!

ಆ ಲೆಕ್ಕದಲ್ಲಿ ನಿಮ್ಮವ್ವ ಇರಲಿಲ್ಲ, ರೇಣುಕಾ. ದುರುಗವ್ವ ಚೀಲ ಹೊರುತ್ತಿರಲಿಲ್ಲ. ಹರಿದ ಚೀಲಗಳಿಂದ ಉದುರಿದ ಕಾಳನ್ನು ಗುಡಿಸಿ, ಮೊರದಲ್ಲಿ ಕೇರಿ, ಮತ್ತೆ ಚೀಲಕ್ಕೆ ತುಂಬುವುದು ಅವಳ ಕೆಲಸ. ಒಂದು ಗುಂಪು ಹೊರಗೆ ಬಂತು, ಇನ್ನೊಂದು ಒಳಗೆ ಹೋಯಿತು — ಅವಳು ಅಲ್ಲೇ. ಚೀಲ ಎಣಿಸಿ ಹೊತ್ತು ತಿಳಿಯುವ ಕಡೆ, ಚೀಲ ಹೊರದವಳ ಹೊತ್ತು ಮುಗಿಯುವುದೇ ಇಲ್ಲ. ಅವಳ ಮಟ್ಟಿಗೆ ಬಾಗಿಲಲ್ಲಿ ನಿಂತವನು ಅರವತ್ತು ಎಂದು ಯಾವತ್ತೂ ಕೂಗಲೇ ಇಲ್ಲ. ಇದು ನನಗೆ ಆ ದಿನದ ತನಕ ಹೊಳೆದಿರಲಿಲ್ಲ ಎಂದರೆ ನೀನು ನಂಬುತ್ತೀಯೇನೋ. ನಂಬಬೇಡ. ಹೊಳೆದಿತ್ತು. ಒಬ್ಬಳಿಗಾಗಿ ಲೆಕ್ಕ ಕೆಡಿಸುವುದೇಕೆ ಎಂದು...

ಆ ದಿನ ಕೋಳಿ ಆಹಾರದ ಕಾರ್ಖಾನೆಯಿಂದ ಎರಡು ಲಾರಿ ಬಂದು ನಿಂತಿದ್ದವು. ತಾಡಪಾಲು ತೆಗೆದದ್ದು ಅವತ್ತೇ ಬೆಳಿಗ್ಗೆ. ಇನ್ನೂ ಒಂದು ದಿನವಾದರೂ ಬಾಗಿಲು ತೆರೆದಿಡಬೇಕಿತ್ತು. ಲಾರಿಯವರು ಹಾರ್ನ್ ಹೊಡೆಯುತ್ತಿದ್ದರು. ನಾನು ಮೀಟರನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಒಳಗೆ ಒಂದು ಸುತ್ತು ಹಾಕಿ ಬಂದು, ‘ಸೊನ್ನಿ ಐತಿ, ನಡೀರಿ’ ಎಂದೆ.

ಮೊದಲನೆಯ ಲಾರಿ ತುಂಬುತ್ತಿದ್ದಾಗ ದುರುಗವ್ವ ಒಳಗಿನಿಂದ ನಗಾಡಿದಳು. ‘ಯಾರಲೇ ಇಲ್ಲಿ ಬಳ್ಳೊಳ್ಳಿ ಒಗ್ಗರಣಿ ಹಾಕ್ಯಾರ? ನಮಗೂ ಒಂದಿಷ್ಟು ನೀಡ್ರಪ್ಪ!’ ಹಮಾಲರು ನಕ್ಕರು. ನಾನು ನಗಲಿಲ್ಲ. ಬೆಳ್ಳುಳ್ಳಿಯ ವಾಸನೆ ಎಂದರೆ ಆ ಗ್ಯಾಸೇ ಎಂದು ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಸ್ವಲ್ಪ ಹೊತ್ತಿಗೆ ಆ ವಾಸನೆ ಹೋಯಿತು ಎಂದಳು. ಹೋದದ್ದು ಗ್ಯಾಸಲ್ಲ, ಅವಳ ಮೂಗು ಅದಕ್ಕೆ ಒಗ್ಗಿಹೋಗಿತ್ತು. ಅದೂ ನನಗೆ ಗೊತ್ತಿತ್ತು.

ಎರಡನೆಯ ಲಾರಿ ಅರ್ಧವಾಗಿದ್ದಾಗ ಬಾಗಿಲ ಹತ್ತಿರ ಬಂದು ಚೌಕಟ್ಟು ಹಿಡಿದು ನಿಂತಳು.

‘ಕೊಟ್ರೇಶಣ್ಣ, ತಲಿ ಗಿಮ್ ಅನ್ನಾಕತ್ತೈತಿ. ಎದಿ ಹಿಡಕಂಡಂಗ ಆಗೈತಿ. ಹೊರಗ ಬರ್ಲೇನು?’

‘ಮೀಟರ್ ಸೊನ್ನಿ ತೋರ್ಸಾಕತ್ತೈತಿ, ಏನಾಗಂಗಿಲ್ಲ. ಇನ್ನೊಂದು ಸಾಲು ಐತಿ, ಮುಗಿಸಿ ಬಂದುಬಿಡವ್ವ.’

ಹೀಗೆ ಹೇಳಿದವನು ನಾನು. ಅವಳು ನನ್ನ ಮುಖ ನೋಡಿದಳು, ಮೀಟರ್ ನೋಡಿದಳು, ಮತ್ತೆ ಒಳಗೆ ಹೋದಳು. ಅಕ್ಷರ ಬಾರದ ಹೆಂಗಸು. ಯಂತ್ರ ಸುಳ್ಳು ಹೇಳೀತೆಂದು ಅವಳಿಗೇನು ಗೊತ್ತು? ಹೇಳುತ್ತಿದ್ದದ್ದು ಯಂತ್ರವೂ ಅಲ್ಲ.

ಸಾಲು ಮುಗಿಸಿಯೇ ಬಂದಳು. ಬೇವಿನ ಮರದ ಬುಡದಲ್ಲಿ ಕೂತು ವಾಂತಿ ಮಾಡಿದಳು. ಹಮಾಲರಲ್ಲೂ ಇಬ್ಬರಿಗೆ ತಲೆ ಸುತ್ತಿತ್ತು. ಅವರು ಬಿಸಿಲು ಎಂದರು, ನಾನೂ ಬಿಸಿಲು ಎಂದೆ. ಅವಳ ಉಸಿರು ಮೇಲಕ್ಕೆ ಬರತೊಡಗಿದಾಗ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆ. ಡಾಕ್ಟರು ಸರಿಯಾದ ಪ್ರಶ್ನೆಯನ್ನೇ ಕೇಳಿದರು. ‘ಏನಾದರೂ ಔಷಧಿ, ಗ್ಯಾಸು, ಇಂಥದ್ದರ ಹತ್ರ ಕೆಲಸ ಮಾಡ್ತಿದ್ರಾ?’

‘ಇಲ್ರೀ ಸಾರ್’ ಎಂದೆ. ‘ಕಾಳು ಗುಡಿಸ್ತಿದ್ಲು ಅಷ್ಟ. ಬಿಸಲು ಬಡದೈತಿ.’

ಅಷ್ಟರಲ್ಲಿ ನೀನು ಓಡಿ ಬಂದೆ. ಕಾಲೇಜಿನ ಬಟ್ಟೆಯಲ್ಲೇ ಇದ್ದೆ. ಬಂದವಳೇ ನನ್ನ ಕೈ ಹಿಡಿದುಕೊಂಡು ಅತ್ತೆ. ‘ಮಾವ, ಅವ್ವ ಬೆಳಿಗ್ಗಿ ಉಣ್ಣದ ಹೋಗ್ಯಾಳ. ಧೂಳಿಗೆ ಮೂಗಿಗೆ ಕಟ್ಟಿಗಾಕ ನನ್ನ ದುಪ್ಪಟ್ಟಾ ತಗಂಡಿದ್ಲು, ನಾ ಕಿತ್ತುಗಂಡು ಬೈದೆ. ಸಿಟ್ಟು ಮಾಡಿಕಂಡು ಹಂಗ ಹೋದ್ಲು ಮಾವ...’

ನಾನು ಸುಳ್ಳಿಗೆ ತಡಕಾಡುತ್ತಿದ್ದೆ. ನೀನೇ ತಂದು ಕೈಗಿಟ್ಟೆ. ‘ಹೌದವ್ವ’ ಎಂದೆ. ‘ಹಸದ ಹೊಟ್ಟಿಗೆ ಬಿಸಲು ಬಡದೈತಿ.’ ನಿನ್ನ ಮುಖ ಆಗ ಹೇಗಾಯಿತೆಂದು ನೋಡಿದ್ದೇನೆ. ನೋಡಿಯೂ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ದಾವಣಗೆರೆಗೆ ಒಯ್ಯುವ ದಾರಿಯಲ್ಲಿ ಅವಳು ಹೋಗಿಬಿಟ್ಟಳು. ಯಾರಿಗೂ ಅನುಮಾನ ಬರಲಿಲ್ಲ. ಆ ದಿನ ಗೋದಾಮಿನೊಳಗೆ ಹೋದವರ ಪಟ್ಟಿಯಲ್ಲಿ ಅವಳ ಹೆಸರೇ ಇಲ್ಲ; ಪಟ್ಟಿ ಬರೆದವನು ನಾನು.

ಆ ಗ್ಯಾಸಿಗೆ ಮದ್ದಿಲ್ಲ ಎಂದು ಆಮೇಲೆ ಓದಿದೆ. ಓದಿ ಎಷ್ಟೋ ದಿನ ಅದನ್ನೇ ಜಪಿಸಿದೆ — ಹೇಳಿದ್ದರೂ ಉಳಿಯುತ್ತಿರಲಿಲ್ಲ, ಹೇಳಿದ್ದರೂ ಉಳಿಯುತ್ತಿರಲಿಲ್ಲ. ಉಳಿಯುತ್ತಿದ್ದಳೋ ಏನೋ ಯಾರು ಬಲ್ಲರು? ನಿಜ ಗೊತ್ತಿದ್ದರೆ ಡಾಕ್ಟರು ಆಗಲೇ ದೊಡ್ಡ ಆಸ್ಪತ್ರೆಗೆ ಕಳಿಸುತ್ತಿದ್ದರು. ಆ ಹೊತ್ತನ್ನು ತಿಂದುಹಾಕಿದವನು ನಾನು.

ಆಮೇಲಿನದು ನಿನಗೇ ಗೊತ್ತು. ಪ್ರತಿ ವರ್ಷ ಆ ದಿನ ನೀನು ಬುಟ್ಟಿ ತುಂಬ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ ಹೊತ್ತು ಗೋದಾಮಿನ ಬಾಗಿಲಿಗೆ ಬರುತ್ತೀ. ಹಸಿದು ಯಾರೂ ಕೆಲಸಕ್ಕಿಳಿಯಬಾರದು ಎನ್ನುತ್ತೀ. ಅವ್ವನನ್ನು ಆಸ್ಪತ್ರೆಗೆ ಒಯ್ದವನೆಂದು ಮೊದಲ ರೊಟ್ಟಿ ನನಗೆ ನೀಡುತ್ತೀ. ಆರು ಸಲ ಉಂಡಿದ್ದೇನೆ, ಏಳನೆಯದೂ ಉಂಡೆ. ಹೋದ ಸಲ, ನೀನೂ ಒಂದು ತುತ್ತು ತಿನ್ನು ಎಂದು ನಾನು ಅಂದಾಗ ನೀನು ಹೇಳಿದೆ: ‘ಬೆಳಿಗ್ಗಿ ಹೊತ್ತು ನನಗ ತುತ್ತು ಇಳಿಯಂಗಿಲ್ಲ ಮಾವ. ಅವತ್ತಿಂದ ಹಂಗ ಆಗೈತಿ.’ ಅಂಗನವಾಡಿಯಲ್ಲಿ ನೂರು ಮಕ್ಕಳ ಬಾಯಿಗೆ ಅನ್ನ ಇಡುವವಳು ನೀನು. ನಿನ್ನ ಗಂಟಲಲ್ಲಿ ಸಿಕ್ಕಿಕೊಂಡಿರುವುದು ನನ್ನ ಸುಳ್ಳು.

ಆಗಲೂ ನಾನು ಬಾಯಿ ಬಿಡಲಿಲ್ಲ. ಬಿಡುವಂತೆ ಮಾಡಿದ್ದು ಹೋದ ತಿಂಗಳು ಹಗರಿಬೊಮ್ಮನಹಳ್ಳಿಯಲ್ಲಿ ಕಂಡದ್ದು. ಹೊಸ ಗೋದಾಮೊಂದರಲ್ಲಿ ಗುಳಿಗೆ ಇಡಲು ಕರೆದಿದ್ದರು. ಪಕ್ಕದ ಗೋದಾಮಿನ ಬಾಗಿಲಲ್ಲಿ ಒಬ್ಬ ‘ಲಾಭ’ ಎಂದು ಕೂಗಿದ. ಅರವತ್ತಕ್ಕೆ ಗುಂಪು ಬದಲಾಯಿತು. ಒಳಗೆ ಬಾಗಿದ್ದ ಒಬ್ಬ ಹೆಂಗಸು ಮಾತ್ರ ಬದಲಾಗಲಿಲ್ಲ, ಕಸಬರಿಗೆ ಆಡಿಸುತ್ತಲೇ ಇದ್ದಳು. ನಾನು ಓಡಿಹೋಗಿ ಅವಳ ರಟ್ಟೆ ಹಿಡಿದು ಹೊರಗೆಳೆದೆ. ಅಲ್ಲಿನ ಮೇಸ್ತ್ರಿ ನಕ್ಕ. ‘ಯಾಕ್ರೀ ಯಜಮಾನ್ರ, ತಲಿ ಕೆಟ್ಟೈತೇನು? ನೀವ ಹೇಳಿಕೊಟ್ಟ ಲೆಕ್ಕ ಅಲ್ಲೇನ್ರೀ ಇದು?’

ಹೌದು, ನನ್ನದೇ. ತಪ್ಪೆಂದು ಬಿಡಿಸಿ ಹೇಳಿದೆ. ಗೋಣು ಹಾಕಿದ. ವಾರದ ಮೇಲೆ ಹೋಗಿ ನೋಡಿದರೆ ಅದೇ ಲಾಭ, ಅದೇ ಅರವತ್ತು, ಅದೇ ಹೆಂಗಸು. ಮಾಡಿದ್ದನ್ನು ಅಳಿಸಲು ನನ್ನಿಂದ ಆಗುವುದಿಲ್ಲ ಎಂದು ಅವತ್ತು ತಿಳಿಯಿತು. ಅದು ನನ್ನನ್ನು ದಾಟಿ ಊರೂರಿಗೆ ಹೋಗಿದೆ.

ಇದರದೇ ಒಂದೊಂದು ಪ್ರತಿಯನ್ನು ಸಹಿ ಹಾಕಿ ಪೊಲೀಸರಿಗೂ ಕಾರ್ಮಿಕರ ಕಚೇರಿಗೂ ಕೊಡುತ್ತಿದ್ದೇನೆ. ಅವರು ಏನು ಮಾಡುತ್ತಾರೋ ಮಾಡಲಿ. ಕ್ಷಮಿಸು ಎಂದು ನಿನ್ನನ್ನು ಕೇಳುವುದಿಲ್ಲ. ಮುಂದಿನ ವರ್ಷ ಬುಟ್ಟಿ ತಂದರೆ ನನಗೆ ನೀಡಬೇಡ.

ಒಂದು ಮಾತು ಉಳಿದಿದೆ. ಇದನ್ನು ಯಾಕೆ ಕೊನೆಗಿಟ್ಟೆನೋ — ಇದೇ ಎಲ್ಲಕ್ಕಿಂತ ದೊಡ್ಡ ಪಾಪವೆಂದು ಒಳಗೆ ಗೊತ್ತಿದ್ದರಿಂದ ಇರಬೇಕು. ಆ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ನಾನು ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದ್ದೆ. ನಿಮ್ಮವ್ವ ಬಂದು ಎದುರು ಕೂತಳು. ಕೇಳದೆಯೇ ಕೈ ಹಾಕಿ ಎರಡು ರೊಟ್ಟಿ ತೆಗೆದುಕೊಂಡಳು, ಬದನೆಕಾಯಿ ಪಲ್ಯ ಹಚ್ಚಿಕೊಂಡು ಹೊಟ್ಟೆ ತುಂಬ ಉಂಡಳು, ಮೇಲೆ ಒಂದು ಚೊಂಬು ನೀರು ಕುಡಿದಳು. ಮನೆಯಲ್ಲಿ ಉಣ್ಣಲಿಲ್ಲವೇ ಎಂದು ಕೇಳಿದ್ದಕ್ಕೆ ಸೆರಗಿನಲ್ಲಿ ಬಾಯಿ ಒರೆಸಿಕೊಂಡು ನಕ್ಕಳು.

‘ರೇಣಿ ಬೈದ್ಲಣ್ಣ, ದುಪ್ಪಟ್ಟಾ ಮುಟ್ಟಿದ್ದಕ್ಕ. ಬೈಲಿ ಬಿಡು. ಕಾಲೇಜಿಗೆ ಹೋಗೋ ಹುಡುಗಿ, ಆಕಿಗೂ ಒಂದು ಚಲೋ ಬಟ್ಟಿ ಬೇಕಲ್ಲ. ಸಂಜಿಗೆ ತಾನ ಬಂದು ಮೈಮ್ಯಾಲೆ ಬೀಳ್ತಾಳ ನೋಡು.’

ಅವಳು ಹಸಿದಿರಲಿಲ್ಲ, ರೇಣುಕಾ. ನಿನ್ನ ಮೇಲೆ ಸಿಟ್ಟೂ ಇರಲಿಲ್ಲ. ನಿನಗೆ ಸೇರಬೇಕಾದ ಈ ಮಾತನ್ನು ಏಳು ವರ್ಷ ನಾನು ಇಟ್ಟುಕೊಂಡಿದ್ದೆ.