ಎಡ ಹೆಗಲಿನ ಸೀರೆ

ಮೈಗೂ ಮುನಿಸು ಬರುತ್ತದೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ನಾನು ನಂಬಿರಲಿಲ್ಲ. ಈಗಲೂ ಪೂರ್ತಿ ನಂಬುತ್ತೇನೆಂದಲ್ಲ. ನಡೆದದ್ದನ್ನು ಹೇಳುತ್ತೇನೆ, ನಿಮಗೇನಾದರೂ ಹೊಳೆದರೆ ಸಂತೋಷ.

ಆಗ ಚೆನ್ನೈನ ಟಿ. ನಗರದ ಒಂದು ರೇಷ್ಮೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸ ನನ್ನದು. ತೋರಿಸುವುದೆಂದರೆ ಬರೀ ಹರಡುವುದಲ್ಲ. ಮೀಸೆ ಹೊತ್ತ ನಾವೇ ಶರ್ಟಿನ ಮೇಲೆ ನೆರಿಗೆ ಹಿಡಿದು, ಸೆರಗನ್ನು ಎಡ ಹೆಗಲಿಗೆ ಹಾಕಿಕೊಂಡು ಕನ್ನಡಿಯ ಮುಂದೆ ನಿಲ್ಲಬೇಕು. ಬಂದವರು ನೋಡುವುದು ನಮ್ಮ ಕತ್ತಿನಿಂದ ಕೆಳಗೆ. ಕೂರುವಂತಿಲ್ಲ. ಬೆಂಗಳೂರಿನಿಂದ ಮದುವೆ ಜವಳಿಗೆ ಬಂದವರೆಲ್ಲ, ಕನ್ನಡದವನೆಂದು, ನನ್ನ ಪಾಲಿಗೇ.

ಒಂದು ಮಧ್ಯಾಹ್ನ ಮದುಮಗಳೊಬ್ಬಳ ಸೋದರತ್ತೆಗೆ ಯಾವ ಸೀರೆಯೂ ಒಪ್ಪಿಗೆಯಾಗಲೊಲ್ಲದು. ಸೆರಗು ಜಾರುತ್ತದೆಂದು ತಮ್ಮ ಬಳೆಯಲ್ಲಿದ್ದ ಪಿನ್ನು ತೆಗೆದು ನನ್ನ ಹೆಗಲಿಗೇ ಚುಚ್ಚಿದರು. "ಅಲ್ಲಾಡ್ಬೇಡಪ್ಪ, ಗೊಂಬೆ ಹಂಗೆ ನಿಂತ್ಕೊ" ಎಂದರು. ನಿಂತೆ. ಮದುಮಗಳು ಬೆಚ್ಚಿ ಕೈ ತೋರಿಸಿದ ಮೇಲೆಯೇ ನಾನು ಕನ್ನಡಿ ನೋಡಿದ್ದು. ಪಿನ್ನು ಬಟ್ಟೆ ದಾಟಿ ಚರ್ಮಕ್ಕೆ ಇಳಿದಿತ್ತು, ಶರ್ಟಿನ ಮೇಲೆ ರಕ್ತ. ನೋವಿರಲಿ, ಸೊಳ್ಳೆ ಕಚ್ಚಿದಷ್ಟೂ ತಿಳಿದಿರಲಿಲ್ಲ. ಆ ಅತ್ತೆ ಪಾಪ, ಗಾಬರಿಯಿಂದ ಪಿನ್ನು ಕಿತ್ತರು. ಮ್ಯಾನೇಜರ್ ಓಡಿಬಂದು ತಮಿಳಿನಲ್ಲಿ ಕೇಳಿದ್ದು ಒಂದೇ, ಸೀರೆಗೆ ತಾಗಿತಾ ಎಂದು.

ಸಂಜೆ ಮೈಲಾಪುರದ ಮನೆಗೆ ಬಂದು ಮಗಳನ್ನು ಎತ್ತಿಕೊಂಡೆ. ಮಗು ಎಡ ಹೆಗಲಿಗೆ ಕೆನ್ನೆಯಿಟ್ಟು ಮಲಗಿತು. ಹೆಂಡತಿ ಬಂದು ಮುಟ್ಟಿದವಳೇ, "ಏನ್ರೀ, ಮಗು ಮೈ ಕೆಂಡ ಆಗಿದೆ. ಇಷ್ಟು ಹೊತ್ತು ಹೊತ್ಕೊಂಡಿದ್ದೀರಿ, ಗೊತ್ತಾಗ್ಲಿಲ್ವಾ?" ಎಂದಳು. ಇಲ್ಲ, ಗೊತ್ತಾಗಿರಲಿಲ್ಲ. ಆ ಹೆಗಲಿಗೆ ತಿಳಿಯುತ್ತಿದ್ದದ್ದು ರೇಷ್ಮೆಯ ಭಾರ, ಕತ್ತಿಗೆ ತರಚುವ ಜರಿ. ಅಲ್ಲಿ ಸೀರೆಯೇ ಇರಲಿಲ್ಲ.

ಎಗ್ಮೋರಿನ ಡಾಕ್ಟರು ಸೂಜಿಯಿಂದ ಚುಚ್ಚಿ ನೋಡಿದರು. ನರವೆಲ್ಲ ಸರಿಯಿದೆ, ನಿಲ್ಲುವುದು ಕಡಿಮೆ ಮಾಡಿ ಎಂದರು. ಒಂದು ಸ್ಟೂಲೂ ಇಲ್ಲದ ಅಂಗಡಿಯವನಿಗೆ! ಕೆಲಸವನ್ನೇ ಬಿಟ್ಟೆ. ಸೀರೆ ಬಿಡಲಿಲ್ಲ. ಇಂದಿಗೂ ಅಂಗಡಿ ತೆಗೆಯುವ ಹೊತ್ತಿಗೆ ಹೆಗಲ ಮೇಲೆ ಬಂದು ಕೂರುತ್ತದೆ, ಮುಚ್ಚುವ ಹೊತ್ತಿಗೆ ಇಳಿಯುತ್ತದೆ. ಸಂಬಳವಿಲ್ಲ, ರಜೆಯೂ ಇಲ್ಲ.

ಈ ಹೆಗಲಿನ ಸಂಗತಿ ಮಗಳಿಗೆ ನಾವು ಯಾರೂ ಹೇಳಿಲ್ಲ. ಈಗ ದೊಡ್ಡವಳಾಗಿದ್ದಾಳೆ. ಟಿವಿ ನೋಡುವಾಗ ಎಡಗಡೆ ಎಷ್ಟೇ ಜಾಗವಿದ್ದರೂ ಸುತ್ತಿ ಬಂದು ಬಲ ಹೆಗಲಿಗೇ ಒರಗುತ್ತಾಳೆ. ಮೊನ್ನೆ ಯಾಕಮ್ಮ ಎಂದು ಕೇಳಿದೆ. ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ತಮಿಳಿನಲ್ಲಿ.

"ಅಂದ ಪಕ್ಕಂ ನೀ ಇಲ್ಲಪ್ಪಾ" ಎಂದಳು. ಆ ಕಡೆ ನೀನಿಲ್ಲ ಅಂತ.

ಟಿವಿ ನೋಡುತ್ತಲೇ ಹೇಳಿದಳು. ಇದಕ್ಕೆ ಯಾವ ಡಾಕ್ಟರನ್ನು ಕೇಳಲಿ?